ಗುಜರಿ ಕಾರಿಗೆ ದುಬಾರಿ ಮಿದುಳು

ಕ್ಯಾಲ್ಕುಲೇಟರ್ ಮೊದಲು ಬಂದಾಗ ಅದು ದೊಡ್ಡ ಸಾಹೇಬರ ಮೇಜಿನ ಮೇಲಷ್ಟೇ ಕಾಣುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ತರಕಾರಿ ಅಂಗಡಿಯ ತಕ್ಕಡಿಯ ಪಕ್ಕಕ್ಕೆ ಇಳಿದು ಬಂತು. ಕೈಗಡಿಯಾರ, ಟಿವಿ, ಕಂಪ್ಯೂಟರ್, ಮೊಬೈಲ್ ಎಲ್ಲದರ ಕತೆಯೂ ಹೆಚ್ಚುಕಡಿಮೆ ಅದೇ. ಸಿಲಿಕಾನ್ ಚಿಪ್ ಒಳಹೊಕ್ಕ ವಸ್ತು ಅಗ್ಗವಾಗುತ್ತ ಹೋಗುತ್ತದೆ ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತು. ಆದರೆ ಅಮೆರಿಕದಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ, ಎಂಜಿನ್ನನ್ನು ತಿದ್ದಿ ತೀಡಿ, ಗಾಳಿಗಿಂತ ಜೋರಾಗಿ ಓಡಿಸುವ ಹುಚ್ಚಿನ ಒಂದು ದೊಡ್ಡ ಬಳಗವಿದೆ. ಅವರಿಗೆ ಹಾಟ್ ರಾಡರ್‌ಗಳೆಂದು ಹೆಸರು. ಅವರನ್ನು ಕೇಳಿ ನೋಡಿ. ಎಂಜಿನ್ನಿಗಿಂತ ಅದಕ್ಕೆ ಜೋಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೇ ಹೆಚ್ಚು ಹಣ ಸುರಿಯಬೇಕಾಗಿದೆ ಎಂದು ಅಲವತ್ತುಕೊಳ್ಳುತ್ತಾರೆ. ಮೂಗಿಗಿಂತ ಮೂಗುತಿ ಭಾರ!

ಚಿಪ್ಪಿನ ಬೆಲೆ ಇಳಿಯುತ್ತಿದ್ದರೂ ಚಿಪ್ ಕೂತ ಪೆಟ್ಟಿಗೆಯ ಬೆಲೆ ಏಕೆ ಏರುತ್ತದೆ? ಏರಿದರೆ ಅದರಿಂದ ಯಾರಿಗೆ ನಷ್ಟ? ಉತ್ತರ ಹುಡುಕುವ ಮೊದಲು ಈ ಹುಚ್ಚು ಹುಟ್ಟಿದ ಜಾಗವನ್ನು ಒಮ್ಮೆ ನೋಡಿ ಬರಬೇಕು.

ಲಾಸ್ ಏಂಜಲಿಸ್ ನಗರದಿಂದ ಬೆಟ್ಟ ದಾಟಿ ಆಚೆ ಹೋದರೆ ಮೊಹಾವೆ ಮರುಭೂಮಿ. ಅಲ್ಲಿ ಮ್ಯೂರಾಕ್, ಎಲ್ ಮಿರಾಜ್, ರೋಸಮಂಡ್ ಎಂಬ ಕೆರೆಗಳಿವೆ. ಕೆರೆ ಎಂಬುದು ಹೆಸರಿಗೆ ಮಾತ್ರ, ವರ್ಷದ ಬಹುಪಾಲು ತೊಟ್ಟು ನೀರೂ ಇರುವುದಿಲ್ಲ. ನೆಲ ಮಾತ್ರ ಒಕ್ಕಣೆಯ ಕಣದಂತೆ ಸಮತಟ್ಟು, ಗಾರೆಯಂತೆ ಗಟ್ಟಿ. 1930ರ ದಶಕದಲ್ಲಿ ನಗರದ ಯುವಕರು ವಾರದ ರಜೆ ಬಂತೆಂದರೆ ಹಳೆಯ ಫೋರ್ಡ್ ಕಾರುಗಳನ್ನು ಹತ್ತಿ ಅಲ್ಲಿಗೆ ಹೊರಡುತ್ತಿದ್ದರು. ಮಡ್‌ಗಾರ್ಡ್ ಬಿಚ್ಚಿ, ಗಾಜು ಕಳಚಿ, ತೂಕ ಇಳಿಸಿ, ಯಾರ ಕಾರು ಎಷ್ಟು ವೇಗ ಮುಟ್ಟುತ್ತದೆಂದು ಪಂದ್ಯ ಕಟ್ಟುತ್ತಿದ್ದರು. 1937ರಲ್ಲಿ ಅವರವರೇ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘ ಮಾಡಿಕೊಂಡು ವೇಗ ಅಳೆಯಲು ನಿಯಮಗಳನ್ನು ಹಾಕಿಕೊಂಡರು. ಆ ಸಂಘ ಈಗಲೂ ಎಲ್ ಮಿರಾಜ್ ಕೆರೆಯಂಗಳದಲ್ಲಿ ಸ್ಪರ್ಧೆ ನಡೆಸುತ್ತದೆ. ಮ್ಯೂರಾಕ್ ಮಾತ್ರ ವಾಯುಪಡೆಯ ಪಾಲಾಯಿತು. ಎಡ್ವರ್ಡ್ಸ್ ವಾಯುನೆಲೆ ಇರುವುದು ಅಲ್ಲೇ.

ಈ ಹುಡುಗರು ಸಿರಿವಂತರ ಮಕ್ಕಳಲ್ಲ. ಪೆಟ್ರೋಲ್ ಬಂಕಿನಲ್ಲಿ, ಗ್ಯಾರೇಜಿನಲ್ಲಿ, ಕಾರ್ಖಾನೆಯಲ್ಲಿ ಕೂಲಿಗೆ ದುಡಿಯುವವರೇ ಹೆಚ್ಚು. ಫೋರ್ಡ್ ಕಂಪನಿ ತನ್ನ 'ಮಾಡೆಲ್ ಟಿ' ಕಾರನ್ನು 1908ರಿಂದ 1927ರವರೆಗೆ ಒಂದೂವರೆ ಕೋಟಿ ಸಂಖ್ಯೆಯಲ್ಲಿ ತಯಾರಿಸಿತ್ತು. ಹಾಗಾಗಿ ಗುಜರಿ ಅಂಗಡಿಗಳಲ್ಲಿ ಅದರ ಬಿಡಿಭಾಗಗಳ ಗುಡ್ಡವೇ ಬಿದ್ದಿರುತ್ತಿತ್ತು. 1932ರಲ್ಲಿ ಅದೇ ಕಂಪನಿ ಎಂಟು ಸಿಲಿಂಡರಿನ, 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು ಸಾಮಾನ್ಯರ ಕಾರಿಗೆ ಕೂರಿಸಿತು. ಹೊಚ್ಚ ಹೊಸ ಕಾರಿಗೆ ಆಗ 500 ಡಾಲರಿನೊಳಗೇ ಬೆಲೆ. ಇಂದಿನ ಲೆಕ್ಕದಲ್ಲಿ ಅದು ಹತ್ತು ಸಾವಿರ ಡಾಲರ್ ದಾಟುತ್ತದೆ, ನಿಜ. ಆದರೆ ಕೆಲವು ವರ್ಷ ಓಡಿದ ಮೇಲೆ ಅದೇ ಕಾರು ಗುಜರಿಯವನ ಹತ್ತಿರ ಕೈಗೆಟುಕುವ ಬೆಲೆಗೆ ಸಿಗುತ್ತಿತ್ತು. ಉಳಿದದ್ದು ಕೈಚಳಕ. ಲಾಸ್ ಏಂಜಲಿಸ್‌ನಲ್ಲಿ ಕಾರು ರಿಪೇರಿ ಮಾಡುತ್ತಿದ್ದ ವಿಕ್ ಎಡಲ್‌ಬ್ರಾಕ್ ಎಂಬಾತ ಫೋರ್ಡ್ ಎಂಜಿನ್ನಿಗೆ ಒಂದರ ಬದಲು ಎರಡು ಕಾರ್ಬುರೇಟರ್ ಕೂರಿಸುವ ಹೊಸ ಮ್ಯಾನಿಫೋಲ್ಡ್ ತಯಾರಿಸಿದ. ತನ್ನ ಕಾರಿಗೆಂದು ಮಾಡಿದ್ದನ್ನು ಬೇರೆಯವರೂ ಕೇಳತೊಡಗಿದಾಗ ಅದೇ ಅವನ ಉದ್ಯಮವಾಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಹುಚ್ಚು ಇನ್ನಷ್ಟು ಏರಿತು. ವಿಮಾನ, ಟ್ಯಾಂಕು ರಿಪೇರಿ ಕಲಿತು ಸೈನ್ಯದಿಂದ ಮರಳಿದ ಯುವಕರು, ಯುದ್ಧ ಮುಗಿದು ಮಿಕ್ಕಿದ ಸಾಮಾನಿನ ರಾಶಿ, ಎರಡೂ ಒಟ್ಟಿಗೇ ಕೂಡಿಬಂದವು. ಯುದ್ಧವಿಮಾನಗಳ ರೆಕ್ಕೆಯಡಿ ನೇತು ಹಾಕುತ್ತಿದ್ದ ಹೆಚ್ಚುವರಿ ಪೆಟ್ರೋಲ್ ಟ್ಯಾಂಕುಗಳು ಗುಜರಿಗೆ ಬಂದವು. ನೀರಹನಿಯಂತೆ ನುಣುಪಾದ ಆಕಾರ, ಗಾಳಿಯನ್ನು ಸೀಳಲು ಹೇಳಿ ಮಾಡಿಸಿದ್ದು. ಬಿಲ್ ಬರ್ಕ್ ಎಂಬಾತ 1946ರಲ್ಲಿ ಅಂಥದೊಂದು ಟ್ಯಾಂಕಿನೊಳಗೆ ಎಂಜಿನ್ ಕೂರಿಸಿ, ಚಕ್ರ ಜೋಡಿಸಿ ಕಾರು ಮಾಡಿಯೇಬಿಟ್ಟ! 1948ರ ಜನವರಿಯಲ್ಲಿ 'ಹಾಟ್ ರಾಡ್' ಪತ್ರಿಕೆ ಹುಟ್ಟಿತು. 1951ರಲ್ಲಿ ರಾಷ್ಟ್ರಮಟ್ಟದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಬಂತು. ಬೀದಿಯಲ್ಲಿ ರೇಸ್ ಓಡಿಸಿ ಪೊಲೀಸರ ಕೈಗೆ ಸಿಕ್ಕುತ್ತಿದ್ದ ಹುಡುಗರನ್ನು ನಿಯಮವಿರುವ ಅಂಗಳಕ್ಕೆ ಕರೆತರುವುದು ಅದರ ಗುರಿಗಳಲ್ಲೊಂದು. ಅಪ್ಪ ಅಮ್ಮಂದಿರಿಗೆ ಆಗ ಎಷ್ಟು ಸಮಾಧಾನವಾಗಿರಬೇಕು!

ಆ ಕಾಲದ ಕಾರಿನಲ್ಲಿ ವಿದ್ಯುತ್ತಿನ ಪಾತ್ರ ಎಷ್ಟಿತ್ತು? ಮುಖ್ಯವಾಗಿ ಕಿಡಿ ಹೊತ್ತಿಸುವಷ್ಟು. ಈ ಭಾಗ ಹಿರಿಯ ಓದುಗರಿಗೆ ಚೆನ್ನಾಗಿ ಗೊತ್ತು, ಮಕ್ಕಳಿಗೆ ಅವರೇ ವಿವರಿಸಬಹುದು. 1910ರ ಆಸುಪಾಸಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವ್ಯವಸ್ಥೆಯೇ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪ್ರಪಂಚದ ಕಾರುಗಳಲ್ಲೆಲ್ಲ ನಡೆಯಿತು. ಬ್ಯಾಟರಿಯ ಅಲ್ಪ ವೋಲ್ಟೇಜು ಒಂದು ಕಾಯಿಲಿನ ಮೂಲಕ ಹರಿಯುತ್ತದೆ. 'ಪಾಯಿಂಟ್' ಎಂಬ ಪುಟ್ಟ ಲೋಹದ ತುಟಿಗಳು ಆ ಹರಿವನ್ನು ಥಟ್ಟನೆ ಕಡಿಯುತ್ತವೆ. ಕಡಿದ ಕ್ಷಣದಲ್ಲಿ ಕಾಯಿಲಿನ ಇನ್ನೊಂದು ಸುರುಳಿಯಲ್ಲಿ ಇಪ್ಪತ್ತು ಸಾವಿರ ವೋಲ್ಟ್ ಚಿಮ್ಮುತ್ತದೆ, ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟಿನ ತುಟಿಗಳ ನಡುವಿನ ಸಂದು ಕೂದಲೆಳೆಯಷ್ಟು ವ್ಯತ್ಯಾಸವಾದರೂ ಎಂಜಿನ್ ಕೆಮ್ಮುತ್ತದೆ. ಹಳೆಯ ಅಂಬಾಸಿಡರ್ ಇಟ್ಟುಕೊಂಡಿದ್ದವರು ಮೆಕ್ಯಾನಿಕ್ ಎಮೆರಿ ಕಾಗದದಿಂದ ಪಾಯಿಂಟ್ ಉಜ್ಜುತ್ತಿದ್ದುದನ್ನು ನೋಡಿಯೇ ಇರುತ್ತಾರೆ. ಅಮೆರಿಕದ ಹುಡುಗರು ಸಂದು ಅಳೆಯುವ ಗೇಜು ಇಲ್ಲದಿದ್ದರೆ ಬೆಂಕಿಪೊಟ್ಟಣದ ರಟ್ಟನ್ನೇ ತೂರಿಸಿ ಹೊಂದಿಸುತ್ತಿದ್ದರು. ರಿಪೇರಿಯ ಖರ್ಚು ಹೆಚ್ಚುಕಡಿಮೆ ಸೊನ್ನೆ.

ಆದರೆ ವೇಗ ಹೆಚ್ಚಿದಂತೆ ಈ ತುಟಿಗಳು ಸೋಲುತ್ತವೆ. ಲೆಕ್ಕ ಹಾಕಿ ನೋಡಿ. ಎಂಟು ಸಿಲಿಂಡರಿನ ಎಂಜಿನ್ ಒಂದು ಸುತ್ತು ತಿರುಗಿದರೆ ನಾಲ್ಕು ಕಿಡಿ ಬೇಕು. ನಿಮಿಷಕ್ಕೆ 6,000 ಸುತ್ತೆಂದರೆ ಸೆಕೆಂಡಿಗೆ 100 ಸುತ್ತು, 400 ಕಿಡಿ! ಅಂದರೆ ಒಂದು ಕಿಡಿಗೂ ಇನ್ನೊಂದಕ್ಕೂ ನಡುವೆ ಎರಡೂವರೆ ಮಿಲಿಸೆಕೆಂಡ್ ಅಷ್ಟೇ. ತುಟಿಗಳು ಮುಚ್ಚುವುದರೊಳಗೆ ಮತ್ತೆ ತೆರೆಯಬೇಕು. ಕಾಯಿಲು ತುಂಬಿಕೊಳ್ಳಲು ಸಮಯ ಸಾಲದೆ ಕಿಡಿ ಮಂಕಾಗುತ್ತದೆ. 1970ರ ದಶಕದ ಮೊದಲ ಭಾಗದಲ್ಲಿ ಕಾರು ಕಂಪನಿಗಳೇ ಪಾಯಿಂಟ್ ಕಿತ್ತು ಟ್ರಾನ್ಸಿಸ್ಟರ್ ಕೂರಿಸಿದವು. ಕ್ರೈಸ್ಲರ್ ಮೊದಲು, 1975ರ ಮಾದರಿಗಳಿಗೆ ಜನರಲ್ ಮೋಟಾರ್ಸ್. ಹಾಟ್ ರಾಡರ್‌ಗಳಿಗೆ ಇದು ಹಬ್ಬವಾಯಿತು. ಜಿಎಂ ಕಾರಿನ ಆ ಡಿಸ್ಟ್ರಿಬ್ಯೂಟರನ್ನು ಗುಜರಿಯಿಂದ ಕಿತ್ತು ತಂದು, ಒಂದೇ ವೈರ್ ಜೋಡಿಸಿ, ಹಳೆಯ ಷೆವ್ರೊಲೆಯಲ್ಲಿ ಕೂರಿಸಿದರೆ ಸಾಕು. ಎಲೆಕ್ಟ್ರಾನಿಕ್ಸ್ ಆಗಲೂ ಇತ್ತು, ಅಗ್ಗವೂ ಆಗಿತ್ತು, ಕೈಗೆ ನಿಲುಕುವಂತೆಯೂ ಇತ್ತು ಎಂಬುದನ್ನು ನೆನಪಿಡಬೇಕು.

ಹಾಗಾದರೆ ಕಾರಿಗೆ ಪೂರ್ತಿ ಕಂಪ್ಯೂಟರನ್ನೇ ತಂದವರು ಯಾರು? ಸೋಜಿಗವೆಂದರೆ ಅದಕ್ಕೂ ಕಾರಣ ಲಾಸ್ ಏಂಜಲಿಸ್ ನಗರವೇ. ಆ ಊರಿನ ಮೇಲೆ 1940ರ ದಶಕದಲ್ಲಿ ಕಣ್ಣು ಉರಿಸುವ ಕಂದು ಮಂಜು ಕವಿಯತೊಡಗಿತ್ತು. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅನಾನಸ್ ಹಣ್ಣಿನ ಪರಿಮಳ ಯಾವುದರಿಂದ ಬರುತ್ತದೆಂದು ಶೋಧಿಸುತ್ತಿದ್ದ ಏರಿ ಹಾಗನ್-ಸ್ಮಿತ್ ಎಂಬ ಡಚ್ ಮೂಲದ ಜೀವರಸಾಯನ ವಿಜ್ಞಾನಿ, ಹಣ್ಣಿನ ವಾಸನೆ ಹಿಡಿಯುವ ಉಪಾಯದಿಂದಲೇ ನಗರದ ಗಾಳಿಯನ್ನೂ ಹಿಡಿದು ಪರೀಕ್ಷಿಸಿದರು. ಕಾರುಗಳು ಉಗುಳುವ ಅರೆಸುಟ್ಟ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಕೂಡಿ ಓಝೋನ್ ಆಗುತ್ತದೆಂದು 1950ರ ದಶಕದ ಆರಂಭದಲ್ಲಿ ತೋರಿಸಿದರು. ಮುಂದೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ ಆದರು. 1970ರ ಶುದ್ಧ ಗಾಳಿ ಕಾಯ್ದೆ ಕಾರು ಕಂಪನಿಗಳ ಕಿವಿ ಹಿಂಡಿತು. ಹೊಗೆ ಕಡಿಮೆಯಾಗಬೇಕಾದರೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ತೂಕದ ಲೆಕ್ಕವನ್ನು ಪ್ರತಿಕ್ಷಣವೂ ಕಾಯಬೇಕು. ತೂತು, ತೇಲುಬುರುಡೆ, ಸ್ಪ್ರಿಂಗುಗಳ ಕಾರ್ಬುರೇಟರಿಗೆ ಅಷ್ಟು ನಿಖರತೆ ಎಲ್ಲಿಂದ ಬರಬೇಕು?

ಪೆಟ್ರೋಲನ್ನು ವಿದ್ಯುತ್ ಕವಾಟದಿಂದ ಚಿಮ್ಮಿಸುವ ಯತ್ನ ಮೊದಲೇ ನಡೆದಿತ್ತು. 1958ರಲ್ಲಿ ಕ್ರೈಸ್ಲರ್ ಕೆಲವೇ ಕಾರುಗಳಿಗೆ ಬೆಂಡಿಕ್ಸ್ ಕಂಪನಿಯ ಇಂಜೆಕ್ಷನ್ ಕೂರಿಸಿ ಕೈಸುಟ್ಟುಕೊಂಡಿತು, ಹೆಚ್ಚಿನವಕ್ಕೆ ಮತ್ತೆ ಕಾರ್ಬುರೇಟರೇ ಬಂತು. ಅದೇ ತತ್ವವನ್ನು ಜರ್ಮನಿಯ ಬಾಷ್ ಕಂಪನಿ ಪಳಗಿಸಿ 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿಗೆ ಇಳಿಸಿತು. ಆಮೇಲೆ ಮೈಕ್ರೋಪ್ರೊಸೆಸರ್ ಬಂತು, ಹೊಗೆಕೊಳವೆಯಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್ ಬಂತು. 1990ರ ದಶಕ ಕಾಲಿಡುವ ಹೊತ್ತಿಗೆ ಅಮೆರಿಕದ ಹೊಸ ಕಾರುಗಳಲ್ಲಿ ಕಾರ್ಬುರೇಟರ್ ಬಹುಮಟ್ಟಿಗೆ ಕಾಣೆಯಾಗಿತ್ತು.

ಈ ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಮಾಡುವ ಕೆಲಸ ತತ್ವದಲ್ಲಿ ಸರಳ. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಎಷ್ಟು ಗಾಳಿ ಒಳಹೋಗುತ್ತಿದೆ, ನೀರು ಎಷ್ಟು ಬಿಸಿಯಾಗಿದೆ ಎಂದು ಸೆನ್ಸರ್‌ಗಳು ಹೇಳುತ್ತವೆ. ಇಸಿಯು ತನ್ನ ನೆನಪಿನಲ್ಲಿರುವ ಮಗ್ಗಿಯಂಥ ಕೋಷ್ಟಕವನ್ನು ನೋಡಿ, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು, ಕಿಡಿ ಯಾವ ಘಳಿಗೆಯಲ್ಲಿ ಹಾರಬೇಕು ಎಂದು ಆಜ್ಞೆ ಕೊಡುತ್ತದೆ. ಆದರೆ ಆ ಕೋಷ್ಟಕ ಕಾರ್ಖಾನೆಯಿಂದ ಬಂದ ಎಂಜಿನ್ನಿಗೆ ಮಾತ್ರ ಸರಿ. ಹಾಟ್ ರಾಡರ್ ಕ್ಯಾಮ್ ಶಾಫ್ಟ್ ಬದಲಿಸಿದರೆ ಒಳಬರುವ ಗಾಳಿಯ ಲೆಕ್ಕವೇ ಬದಲಾಗುತ್ತದೆ, ಇಸಿಯು ತಬ್ಬಿಬ್ಬಾಗುತ್ತದೆ. 1986ರ ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ ಹೀಗೇ ಆಯಿತು. ಗಾಳಿಯ ಒತ್ತಡದಿಂದ ಲೆಕ್ಕ ಊಹಿಸುತ್ತಿದ್ದ ಅದರ ಇಸಿಯು ಹೊಸ ಕ್ಯಾಮ್ ಕಂಡರೆ ಮುನಿಯುತ್ತಿತ್ತು. ಕೆಲವು ವರ್ಷಗಳ ನಂತರ ಫೋರ್ಡ್ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಹಾಕಿದಾಗ ಹುಡುಗರು ಮತ್ತೆ ಗುಜರಿಗೆ ಓಡಿ, ಆ ಭಾಗಗಳನ್ನು ತಂದು ಹಳೆಯ ಮಸ್ಟಾಂಗಿಗೆ ಕೂರಿಸಿದರು. ಜಿಎಂ ಕಾರುಗಳಲ್ಲಿ ಕೋಷ್ಟಕವಿದ್ದ ಚಿಪ್ಪನ್ನು ಕಿತ್ತು, ಅದರಲ್ಲಿರುವ ಅಂಕಿಗಳನ್ನು ಓದಿ, ಬದಲಿಸಿ ಬರೆದ ಹೊಸ ಚಿಪ್ಪನ್ನು ಹಾಕುವ ಕಸುಬೂ ಹುಟ್ಟಿತು. ಕೈಯಲ್ಲಿ ಪಾನಾ ಹಿಡಿದವರು ಹೀಗೆ ಕಂಪ್ಯೂಟರ್ ಭಾಷೆ ಕಲಿತರು!

ಇನ್ನು ಕಾರ್ಖಾನೆಯ ಪೆಟ್ಟಿಗೆಯ ಸಹವಾಸವೇ ಬೇಡ ಎನ್ನುವವರಿಗೆ ಸ್ವತಂತ್ರ ಇಸಿಯುಗಳು ಬಂದವು. ಆಸ್ಟ್ರೇಲಿಯಾದ ಹಾಲ್‌ಟೆಕ್ ಮತ್ತು ಮೋಟೆಕ್ ಕಂಪನಿಗಳು 1980ರ ದಶಕದ ನಡುವಿನಲ್ಲೇ ಇವನ್ನು ಮಾಡತೊಡಗಿದವು. ಅವು ಮೊದಲಿನಿಂದಲೂ ದುಬಾರಿ, ಪ್ರಾಯೋಜಕರಿರುವ ರೇಸಿನವರಿಗಷ್ಟೇ ಎಟುಕುವಂಥವು. ಬಡ ಹವ್ಯಾಸಿಗೆ ನಿಜವಾದ ಬಾಗಿಲು ತೆರೆದದ್ದು 2001ರ ಸುಮಾರಿಗೆ. ಬ್ರೂಸ್ ಬೌಲಿಂಗ್, ಆಲ್ ಗ್ರಿಪ್ಪೊ ಎಂಬ ಇಬ್ಬರು ಅಮೆರಿಕನ್ನರು 'ಮೆಗಾಸ್ಕ್ವರ್ಟ್' ಎಂಬ ಇಸಿಯು ರೂಪಿಸಿದರು. ಮೋಟರೋಲಾ ಕಂಪನಿಯ ಒಂದು ಸಾಧಾರಣ ಚಿಪ್, ಒಂದು ಸರ್ಕಿಟ್ ಹಲಗೆ, ಒಂದು ಹಿಡಿ ರೆಸಿಸ್ಟರ್ ಮತ್ತು ಕೆಪಾಸಿಟರ್. ಎಲ್ಲ ಸೇರಿ ಇನ್ನೂರು ಡಾಲರಿನೊಳಗೆ. ಬೆಸುಗೆ ಮಾತ್ರ ಕೊಂಡವರೇ ಹಾಕಿಕೊಳ್ಳಬೇಕು. ಸರ್ಕಿಟ್ಟಿನ ನಕ್ಷೆಯನ್ನು ಮುಚ್ಚಿಡಲಿಲ್ಲ. ಮೊದಮೊದಲು ಅದು ಪೆಟ್ರೋಲ್ ಚಿಮ್ಮಿಸುವುದನ್ನಷ್ಟೇ ನೋಡಿಕೊಳ್ಳುತ್ತಿತ್ತು. ಕಿಡಿಯನ್ನೂ ಆಳುವ ಪ್ರೋಗ್ರಾಮನ್ನು ಬಳಸುವವರೇ ಬರೆದು ಸೇರಿಸಿದರು. ಮರುಭೂಮಿಯ ಕೆರೆಯಂಗಳದ ಹುಡುಗರ ಮೊಮ್ಮಕ್ಕಳು ಬೆಸುಗೆ ಕಡ್ಡಿ ಹಿಡಿದು ಮೇಜಿನ ಮುಂದೆ ಕೂತ ಕಾಲ ಅದು.

ಆ ಕಾಲ ಹೋಗಿಯೇಬಿಟ್ಟಿತೆಂದಲ್ಲ. ಆದರೆ ಮಾರುಕಟ್ಟೆ ಬೇರೆ ದಿಕ್ಕಿಗೆ ಹೊರಳಿತು. ಕೊಳ್ಳುವವರು ಹೆಚ್ಚು ಕೇಳತೊಡಗಿದರು. ಬೆಸುಗೆ ಹಾಕಲು ಸಮಯವಿಲ್ಲ, ತಾನೇ ಕಲಿತುಕೊಳ್ಳುವ ಪೆಟ್ಟಿಗೆ ಬೇಕು, ಬಣ್ಣದ ಪರದೆ ಬೇಕು, ಎಂಟು ಸಿಲಿಂಡರಿಗೂ ಬೇರೆ ಬೇರೆ ಕಾಯಿಲು ಬೇಕು. ಮೆಗಾಸ್ಕ್ವರ್ಟ್ ವಂಶದ್ದೇ ಆದ, ಜೋಡಿಸಿ ಮುಚ್ಚಿ ಕೊಡುವ ಮೇಲ್ದರ್ಜೆಯ ಪೆಟ್ಟಿಗೆ ಈಗ ಸಾವಿರ ಡಾಲರ್ ದಾಟುತ್ತದೆ. ಕಾರ್ಬುರೇಟರಿದ್ದ ಜಾಗದಲ್ಲೇ ಕೂರುವ, ತಾನೇ ಕಲಿಯುವ ಇಂಜೆಕ್ಷನ್ ಸೆಟ್ಟಿಗೆ ಸಾವಿರಕ್ಕಿಂತ ಹೆಚ್ಚು. ರೇಸಿಗೆ ಹೊಂದುವ ಪೂರ್ಣ ಇಸಿಯು ಮತ್ತು ವೈರುಗಳ ಜಡೆ ಬೇಕೆಂದರೆ ಎರಡರಿಂದ ಐದು ಸಾವಿರ. ಹೋಲಿಕೆಗೆ ಹೇಳುವುದಾದರೆ ಒಂದು ಒಳ್ಳೆಯ ಹೊಸ ಕಾರ್ಬುರೇಟರ್ ಐದಾರುನೂರು ಡಾಲರಿಗೆ ಸಿಗುತ್ತದೆ.

ಪೆಟ್ಟಿಗೆಯ ಬೆಲೆ ಬರೀ ಆರಂಭ. ಕಾರ್ಬುರೇಟರಿಗೆ ಪೆಟ್ರೋಲ್ ಚದರ ಇಂಚಿಗೆ ಆರೇಳು ಪೌಂಡ್ ಒತ್ತಡದಲ್ಲಿ ಬಂದರೆ ಸಾಕಿತ್ತು. ಇಂಜೆಕ್ಟರಿಗೆ ನಲವತ್ತರಿಂದ ಅರವತ್ತು ಪೌಂಡ್ ಬೇಕು. ಅಂದರೆ ಹೊಸ ಪಂಪು, ಹೊಸ ಕೊಳವೆ, ಎಷ್ಟೋ ಸಲ ಹೊಸ ಟ್ಯಾಂಕು. ಅದರ ಮೇಲೆ ಸೆನ್ಸರ್‌ಗಳು. ಕೊನೆಗೆ ಎಂಜಿನ್ನಿನ ತಾಕತ್ತು ಅಳೆಯುವ ಡೈನಮೋಮೀಟರ್ ಮೇಲೆ ಕಾರು ನಿಲ್ಲಿಸಿ, ಗಂಟೆಯ ಲೆಕ್ಕದಲ್ಲಿ ಹಣ ತೆತ್ತು, ಬಲ್ಲವನಿಂದ ಕೋಷ್ಟಕ ತುಂಬಿಸಬೇಕು. ಹೀಗೆ ಬೆಳೆದ ಬಿಲ್ಲನ್ನು ನೋಡಿದ ಮೇಲೆ ಕೆಲವರು ಮರಳಿ ಕಾರ್ಬುರೇಟರ್ ಅಂಗಡಿಗೇ ಹೋಗುತ್ತಾರೆ. ಅದು ಸೋಲೇನಲ್ಲ. ಬೀದಿಯಲ್ಲಿ ಭಾನುವಾರದ ಸವಾರಿಗೆ ಹೊರಡುವ ಹಳೆಯ ಕಾರಿಗೆ ಇಸಿಯು ಬೇಕೇ ಬೇಕೆಂಬುದು ಹೆಚ್ಚಿನ ಮಟ್ಟಿಗೆ ಜಾಹೀರಾತಿನ ಮಾತು.

ಈಗ ಮೊದಲ ಪ್ರಶ್ನೆಗೆ ಬರೋಣ. ಚಿಪ್ ಅಗ್ಗ, ಪೆಟ್ಟಿಗೆ ದುಬಾರಿ, ಏಕೆ? ಹತ್ತನೇ ತರಗತಿಯ ಪಠ್ಯಪುಸ್ತಕದ ಬೆಲೆಯನ್ನೂ ವಿಶ್ವವಿದ್ಯಾಲಯದ ಸಂಶೋಧನಾ ಗ್ರಂಥದ ಬೆಲೆಯನ್ನೂ ಹೋಲಿಸಿ ನೋಡಿ. ಕಾಗದ ಅದೇ, ಶಾಯಿ ಅದೇ. ಆದರೆ ಒಂದು ಲಕ್ಷಗಟ್ಟಲೆ ಅಚ್ಚಾಗುತ್ತದೆ, ಇನ್ನೊಂದು ಇನ್ನೂರು ಮುನ್ನೂರು. ಬರೆಯುವ, ತಿದ್ದುವ, ಅಚ್ಚಿಗೆ ಅಣಿ ಮಾಡುವ ಖರ್ಚು ಎರಡಕ್ಕೂ ಇದೆ. ಇಸಿಯು ರೂಪಿಸಲು, ಅದರ ಪ್ರೋಗ್ರಾಂ ಬರೆಯಲು, ಪರೀಕ್ಷಿಸಲು ಹತ್ತು ಲಕ್ಷ ಡಾಲರ್ ಆಯಿತೆಂದಿಟ್ಟುಕೊಳ್ಳಿ. ಹತ್ತು ಲಕ್ಷ ಕಾರು ಮಾರುವ ಕಂಪನಿಗೆ ಒಂದು ಪೆಟ್ಟಿಗೆಯ ಮೇಲೆ ಬೀಳುವ ಹೊರೆ ಒಂದೇ ಡಾಲರ್. ಐದು ಸಾವಿರ ಪೆಟ್ಟಿಗೆ ಮಾರುವವನಿಗೆ ಇನ್ನೂರು ಡಾಲರ್! ಚಿಪ್ಪಿನ ಬೆಲೆ ಐದು ಡಾಲರಿನಿಂದ ಎರಡಕ್ಕೆ ಇಳಿದರೆ ಈ ಲೆಕ್ಕದಲ್ಲಿ ಏನು ವ್ಯತ್ಯಾಸವಾದೀತು?

ಪರೀಕ್ಷೆಯ ಮಾತು ಬಂತಲ್ಲ, ಅದೇನು ಸಣ್ಣ ಬಾಬಲ್ಲ. ಮನೆಯ ಕಂಪ್ಯೂಟರ್ ಫ್ಯಾನಿನ ಗಾಳಿಯಲ್ಲಿ ಸುಖವಾಗಿ ಕೂತಿರುತ್ತದೆ. ಎಂಜಿನ್ ಪಕ್ಕದ ಚಿಪ್ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿಯಿಂದ 125 ಡಿಗ್ರಿ ಸೆಲ್ಸಿಯಸ್ ಬಿಸಿಯವರೆಗೆ ತಾಳಬೇಕು. ಎಂಜಿನ್ನಿನ ನಡುಕ, ಎಣ್ಣೆ, ಮಳೆನೀರು ಸರಿಯೇ ಸರಿ. ಓಡುತ್ತಿರುವಾಗ ಬ್ಯಾಟರಿಯ ತಂತಿ ಸಡಿಲವಾಗಿ ಕಳಚಿದರೆ ಹನ್ನೆರಡು ವೋಲ್ಟಿನ ತಂತಿಯಲ್ಲಿ ನೂರರ ಸನಿಹದ ವೋಲ್ಟೇಜು ಒಮ್ಮೆಲೇ ನುಗ್ಗಬಹುದು. ಅದನ್ನೂ ಸಹಿಸಬೇಕು. ತಡೆಯದಿದ್ದರೆ ಹೆದ್ದಾರಿಯ ನಡುವೆ ಕಾರು ನಿಂತುಬಿಡುತ್ತದೆ. ಕಾಸಿಗೆ ತಕ್ಕ ಕಜ್ಜಾಯ ಎಂಬ ಮಾತು ಇಲ್ಲಿ ಪೂರ್ತಿ ಸುಳ್ಳಲ್ಲ.

ಇವು ಮೊದಲಿನಿಂದಲೂ ಇದ್ದ ಕಾರಣಗಳು. ಈಚಿನ ವರ್ಷಗಳಲ್ಲಿ ಹೊಸವು ಸೇರಿಕೊಂಡವು. 2020ರಲ್ಲಿ ಕೋವಿಡ್ ಬಂದಾಗ ಕಾರು ಕಂಪನಿಗಳು ಚಿಪ್ಪಿನ ಬೇಡಿಕೆಯನ್ನು ರದ್ದು ಮಾಡಿದವು. ಅದೇ ವೇಳೆಗೆ ಮನೆಯಲ್ಲಿ ಕೂತ ಜಗತ್ತು ಲ್ಯಾಪ್‌ಟಾಪ್ ಕೊಳ್ಳಲು ಮುಗಿಬಿತ್ತು, ಚಿಪ್ ಕಾರ್ಖಾನೆಗಳು ಅತ್ತ ತಿರುಗಿದವು. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನ ಹಿಮಗಾಳಿಗೆ ಆಸ್ಟಿನ್ ನಗರದ ಚಿಪ್ ಕಾರ್ಖಾನೆಗಳು ಸ್ತಬ್ಧವಾದವು. ಮಾರ್ಚಿನಲ್ಲಿ ಜಪಾನಿನ ನಾಕಾದಲ್ಲಿ ರೆನೆಸಾಸ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟ, ಫೋರ್ಡ್‌ನಂಥ ದೊಡ್ಡವರೇ ಚಿಪ್ಪಿಗಾಗಿ ಸಾಲುಗಟ್ಟಿ ನಿಂತಾಗ ವರ್ಷಕ್ಕೆ ಕೆಲವು ಸಾವಿರ ಚಿಪ್ ಕೇಳುವ ಪುಟ್ಟ ಇಸಿಯು ತಯಾರಕನಿಗೆ ಸರದಿ ಬರುವುದು ಯಾವಾಗ? ಕೊರತೆ ನೀಗಿತು, ಆದರೆ ಏರಿದ ಬೆಲೆ ಹಳೆಯ ಮಟ್ಟಕ್ಕೆ ಸುಲಭವಾಗಿ ಇಳಿಯುವುದಿಲ್ಲ. 2018ರಿಂದ ಅಮೆರಿಕ ಚೀನಾದ ಸರಕಿನ ಮೇಲೆ ಹೇರತೊಡಗಿದ ಹೆಚ್ಚುವರಿ ಸುಂಕ, 2025ರಲ್ಲಿ ಇತರ ಅನೇಕ ದೇಶಗಳ ಸರಕಿಗೂ ಹಬ್ಬಿದ ಸುಂಕ, ಸರ್ಕಿಟ್ ಹಲಗೆಯಿಂದ ಹಿಡಿದು ವೈರಿನ ಕನೆಕ್ಟರಿನವರೆಗೆ ತಟ್ಟಿದವು. ಮಾರುವವರ ಸಂಖ್ಯೆಯೂ ಕುಗ್ಗಿತು. 1970ರಿಂದ ಕಿಡಿಪೆಟ್ಟಿಗೆಗಳಿಗೆ ಹೆಸರಾಗಿದ್ದ ಎಂಎಸ್‌ಡಿ ಕಂಪನಿಯನ್ನು 2015ರಲ್ಲಿ ಹಾಲಿ ಕಂಪನಿ ಕೊಂಡಿತು. 2020ರಲ್ಲಿ ಎಡಲ್‌ಬ್ರಾಕ್ ಕಟ್ಟಿದ ಕಂಪನಿ ಇನ್ನೊಂದು ಹಳೆಯ ಹೆಸರಾದ ಕಾಂಪ್ ಕ್ಯಾಮ್ಸ್ ಜತೆ ಒಂದಾಯಿತು. 2021ರಲ್ಲಿ ಹಾಲಿ ನ್ಯೂಯಾರ್ಕ್ ಷೇರುಪೇಟೆಗೇ ಹೋಯಿತು. ಗ್ಯಾರೇಜಿನ ಹಿತ್ತಲಲ್ಲಿ ಹುಟ್ಟಿದ ಕಸುಬು ಷೇರುದಾರರಿಗೆ ಲೆಕ್ಕ ಒಪ್ಪಿಸುವ ಉದ್ಯಮವಾಯಿತು.

ಕಾನೂನಿನ ಖರ್ಚೂ ಇದೆ. ಹೊಗೆನಿಯಂತ್ರಣವನ್ನು ಕೆಡಿಸುವ ಸಾಧನ ಮಾರುವುದು ಅಮೆರಿಕದಲ್ಲಿ ಕಾನೂನುಬಾಹಿರ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಿಂದ 2023ರವರೆಗೆ ಇದರ ಮೇಲೆ ವಿಶೇಷ ಕಾರ್ಯಾಚರಣೆ ನಡೆಸಿತು. ಕ್ಯಾಲಿಫೋರ್ನಿಯಾದಲ್ಲಿ ಬೀದಿಯ ಕಾರಿಗೆ ಇಂಥ ಭಾಗ ಮಾರಬೇಕಾದರೆ ಅದು ಹೊಗೆ ಹೆಚ್ಚಿಸುವುದಿಲ್ಲವೆಂದು ಪರೀಕ್ಷೆ ಮಾಡಿಸಿ ವಾಯು ಮಂಡಳಿಯಿಂದ ಆದೇಶಪತ್ರ ಪಡೆಯಬೇಕು. 1975 ಮತ್ತು ಅದಕ್ಕಿಂತ ಹಳೆಯ ಮಾದರಿಯ ಕಾರುಗಳಿಗೆ ಅಲ್ಲಿ ಹೊಗೆ ತಪಾಸಣೆಯ ವಿನಾಯಿತಿ ಇದೆ, ಹಳೆಯ ಫೋರ್ಡ್ ರೋಡ್‌ಸ್ಟರ್ ಬಚಾವು. ಈ ಪರೀಕ್ಷೆಯ ಖರ್ಚನ್ನೂ ಕೊನೆಗೆ ತೆರುವವನು ಗಿರಾಕಿಯೇ. ಹಾಟ್ ರಾಡರ್‌ಗಳು ಇದನ್ನು ಶಪಿಸುತ್ತಾರೆ. ಆದರೆ ಹಾಗನ್-ಸ್ಮಿತ್ ಹಿಡಿದು ತೋರಿಸಿದ ಗಾಳಿಯನ್ನು ಉಸಿರಾಡಿದ್ದ ಊರಿನವರಿಗೆ ಈ ಖರ್ಚು ಅನ್ಯಾಯವೆನಿಸಲಾರದು.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲವೂ ಏರಿಲ್ಲ. ಹೊಗೆಯಲ್ಲಿನ ಆಮ್ಲಜನಕವನ್ನು ವಿಶಾಲ ವ್ಯಾಪ್ತಿಯಲ್ಲಿ ಅಳೆಯುವ ಮೀಟರಿಗೆ 1990ರ ದಶಕದಲ್ಲಿ ಸಾವಿರಾರು ಡಾಲರ್ ಬೇಕಿತ್ತು, ಅದು ಪ್ರಯೋಗಾಲಯದ ಸ್ವತ್ತು. ಬಾಷ್ ಅಂಥ ಸೆನ್ಸರನ್ನು ಸಾಮಾನ್ಯ ಕಾರುಗಳಿಗೇ ಹಾಕತೊಡಗಿದ ಮೇಲೆ ಈಗ ಇನ್ನೂರು ಡಾಲರಿನ ಆಸುಪಾಸಿಗೆ ಮೀಟರ್ ಸಿಗುತ್ತದೆ. ಲಕ್ಷಗಟ್ಟಲೆ ತಯಾರಾದದ್ದು ಅಗ್ಗವಾಯಿತು, ನೋಡಿ. ಹಣದುಬ್ಬರವನ್ನೂ ಮರೆಯಬಾರದು. 2001ರ ಸಾವಿರ ಡಾಲರ್ ಈಗಿನ ಸಾವಿರದ ಏಳುನೂರಕ್ಕೂ ಹೆಚ್ಚು.

ಬೆಲೆಗಿಂತ ದೊಡ್ಡ ಬೇಲಿ ಇನ್ನೊಂದಿದೆ. ಹೊಸ ಕಾರುಗಳ ಇಸಿಯುಗೆ ಕಂಪನಿಗಳು ಗುಪ್ತಲಿಪಿಯ ಬೀಗ ಜಡಿಯುತ್ತಿವೆ. ಇಂದಿನ ಕಾರು ನಾಳೆ ಗುಜರಿಗೆ ಬಂದಾಗ ಅದರ ಎಂಜಿನ್ ಕಬ್ಬಿಣವಾಗಿ ಸಿಗುತ್ತದೆ, ಮಿದುಳು ಮಾತ್ರ ಬಾಯಿ ಬಿಡುವುದಿಲ್ಲ. ಮಾಲೀಕ ತನ್ನ ಕಾರಿನ ಪ್ರೋಗ್ರಾಮನ್ನು ರಿಪೇರಿಗಾಗಿ, ಕಾನೂನಿಗೆ ಒಳಪಟ್ಟ ಮಾರ್ಪಾಡಿಗಾಗಿ ತೆರೆದು ನೋಡಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂದು 2015ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ವಿನಾಯಿತಿ ಕೊಟ್ಟಿತು. ತೆರೆಯುವ ಹಕ್ಕೇನೋ ಸಿಕ್ಕಿತು, ಬೀಗದ ಕೈ ಯಾರೂ ಕೊಡಲಿಲ್ಲ. ಹಾಗಾಗಿ ಎಂಜಿನ್ ಗುಜರಿಯದು, ಇಸಿಯು ಹೊಸದು ಎಂಬ ವಿಚಿತ್ರ ಮದುವೆ ಅನಿವಾರ್ಯವಾಗುತ್ತಿದೆ. ನಷ್ಟ ಯಾರಿಗೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಣವುಳ್ಳ ನಡುವಯಸ್ಸಿನ ಹವ್ಯಾಸಿ ಗೊಣಗುತ್ತಲೇ ಕೊಳ್ಳುತ್ತಾನೆ. ಬಿಚ್ಚಿ ಜೋಡಿಸಿ ಕಲಿಯಬೇಕಾದ ಹದಿನೆಂಟರ ಹುಡುಗ ಅಥವಾ ಹುಡುಗಿ ಅಂಗಡಿಯ ಗಾಜಿನಾಚೆ ನಿಲ್ಲಬೇಕಾಗುತ್ತದೆ.

ದೊಡ್ಡ ರೇಸುಗಳವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಫಾರ್ಮುಲಾ ಒನ್ 2008ರಿಂದ ಎಲ್ಲ ತಂಡಗಳಿಗೂ ಒಂದೇ ಬಗೆಯ ಇಸಿಯು ಎಂದು ಕಟ್ಟಳೆ ಮಾಡಿತು. ಅಮೆರಿಕದ ನ್ಯಾಸ್ಕಾರ್ ತನ್ನ ಮುಖ್ಯ ಸರಣಿಯಲ್ಲಿ 2012ರವರೆಗೂ ಕಾರ್ಬುರೇಟರನ್ನೇ ಇಟ್ಟುಕೊಂಡಿದ್ದು, ಬದಲಿಸಿದಾಗ ಎಲ್ಲರಿಗೂ ಒಂದೇ ಪೆಟ್ಟಿಗೆ ಕೊಟ್ಟಿತು. ಹವ್ಯಾಸಿಗಳ ಲೋಕದಲ್ಲಿ ಹೀಗೆ ಅಪ್ಪಣೆ ಕೊಡಿಸುವವರು ಯಾರೂ ಇಲ್ಲ.

ಇದೆಲ್ಲ ಕರ್ನಾಟಕದ ಮಕ್ಕಳಿಗೆ ದೂರದ ಕತೆಯೇ? ಅಷ್ಟೇನೂ ಅಲ್ಲ. 1951ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಮನೆಮಾತಾದ ಮೈಕೋ ಈಗ ಬಾಷ್ ಎಂಬ ಹೆಸರಿನಲ್ಲಿದೆ. ಅದೇ ಬಾಷ್ ಸಮೂಹದ ಬೆಂಗಳೂರು ಕಚೇರಿಗಳಲ್ಲಿ ಜಗತ್ತಿನ ಕಾರುಗಳ ಇಸಿಯುಗಳಿಗೆ ಪ್ರೋಗ್ರಾಂ ಬರೆಯುವ ಎಂಜಿನಿಯರುಗಳಿದ್ದಾರೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹಳ್ಳಿಯಲ್ಲಿ ಹುಲ್ಲಿನ ಹೊರೆ ಹೊರುವ ಮೊಪೆಡ್ಡಿನಲ್ಲೂ ಇಂಜೆಕ್ಟರ್ ಮತ್ತು ಇಸಿಯು ಕೂತಿವೆ. ಇನ್ನು, ತಯಾರಕರು ನೋಂದಾಯಿಸಿದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ಹಾಟ್ ರಾಡ್ ಕತೆ ಓದಿ ಯಾರೂ ಅಪ್ಪನ ಬೈಕಿಗೆ ಕೈಹಾಕುವುದು ಬೇಡ.

ಕಾನೂನಿನ ಚೌಕಟ್ಟಿನಲ್ಲೇ ಈ ವಿದ್ಯೆ ಕಲಿಯುವ ಒಂದು ದಾರಿ ಎಂಜಿನಿಯರಿಂಗ್ ಕಾಲೇಜುಗಳ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆ. ಬೆಂಗಳೂರಿನ ಕಾಲೇಜು ತಂಡಗಳೂ ಇದರಲ್ಲಿ ತೊಡಗಿವೆ. ಬೈಕಿನ ಎಂಜಿನ್ನನ್ನು ತಾವೇ ಕಟ್ಟಿದ ರೇಸ್ ಕಾರಿಗೆ ಕೂರಿಸುತ್ತಾರೆ. ಪೆಟ್ರೋಲ್ ಕಾರಾದರೆ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ಅಗಲದ ತೂತಿನ ಮೂಲಕವೇ ಹೋಗಬೇಕೆಂಬ ನಿಯಮವಿದೆ. ಬೈಕಿನ ಮೂಲ ಇಸಿಯುಗೆ ಈ ಉಸಿರುಕಟ್ಟುವ ಎಂಜಿನ್ನಿನ ಪರಿಚಯವಿಲ್ಲ. ಆಗ ಕೋಷ್ಟಕ ಬದಲಿಸಬಲ್ಲ ಇಸಿಯು ಬೇಕು. ಅದು ಹೊರದೇಶದಿಂದ ಬರಬೇಕು, ಡಾಲರ್ ಬೆಲೆಯ ಮೇಲೆ ಸಾಗಣೆ, ಅದರ ಮೇಲೆ ಸುಂಕ. ಕ್ಯಾಲಿಫೋರ್ನಿಯಾದ ಹುಡುಗನ ಗೊಣಗಾಟ ಇಲ್ಲಿ ರೂಪಾಯಿಯಲ್ಲಿ ಕೇಳಿಸುತ್ತದೆ.

ಅಗ್ಗದ ದಾರಿ ಪೂರ್ತಿ ಮುಚ್ಚಿಲ್ಲ. ಶಾಲೆಯ ವಿಜ್ಞಾನ ಮೇಳಗಳಲ್ಲಿ ಮಕ್ಕಳು ದೀಪ ಮಿನುಗಿಸಲು ಬಳಸುವ ಆರ್ಡುಯಿನೋ ಹಲಗೆ ಗೊತ್ತಲ್ಲ? ಅದರ 'ಮೆಗಾ' ಮಾದರಿಯ ಮೇಲೆ ಓಡುವ ಸ್ಪೀಡುಯಿನೋ ಎಂಬ ಇಸಿಯು ಇದೆ. ಅದರ ಪ್ರೋಗ್ರಾಂ, ನಕ್ಷೆ ಎರಡೂ ಎಲ್ಲರಿಗೂ ಮುಕ್ತ. ಕಲಿಯಲು ಕಾರೂ ಬೇಡ, ಪೆಟ್ರೋಲೂ ಬೇಡ. ಮೆಗಾ ಹಲಗೆಯ ನಕಲಿಗೆ ಒಂದೆರಡು ಸಾವಿರ ರೂಪಾಯಿ, ಇನ್ನೊಂದು ಚಿಕ್ಕ ಆರ್ಡುಯಿನೋಗೆ ಕೆಲವು ನೂರು. ಚಿಕ್ಕದರಲ್ಲಿ ಆರ್ಡು-ಸ್ಟಿಮ್ ಎಂಬ ಪ್ರೋಗ್ರಾಂ ಹಾಕಿದರೆ ಅದು ಎಂಜಿನ್ನಿನಂತೆ ನಟಿಸುತ್ತದೆ. ಕ್ರ್ಯಾಂಕ್ ಶಾಫ್ಟಿನ ತುದಿಯ ಹಲ್ಲುಚಕ್ರದಲ್ಲಿ ಹತ್ತು ಡಿಗ್ರಿಗೊಂದರಂತೆ 36 ಹಲ್ಲಿನ ಜಾಗ, ಅದರಲ್ಲಿ ಒಂದು ಹಲ್ಲು ಬೇಕೆಂದೇ ಕಿತ್ತದ್ದು. ಖಾಲಿ ಜಾಗ ಸೆನ್ಸರಿನ ಮುಂದೆ ಹಾದಾಗಲೆಲ್ಲ ಇಸಿಯುಗೆ ಒಂದು ಸುತ್ತು ಮುಗಿದದ್ದು ತಿಳಿಯುತ್ತದೆ. ಇಂಜೆಕ್ಟರಿನ ಜಾಗದಲ್ಲಿ ಒಂದು ಎಲ್‌ಇಡಿ ದೀಪ, ಕಾಯಿಲಿನ ಜಾಗದಲ್ಲಿ ಇನ್ನೊಂದು. ವೇಗವನ್ನು ನಿಮಿಷಕ್ಕೆ 300 ಸುತ್ತಿಗೆ ಇಳಿಸಿದರೆ ಯಾವ ದೀಪ ಯಾವಾಗ ಮಿನುಗುತ್ತದೆಂದು ಬರಿಗಣ್ಣಿಗೆ ಕಾಣುತ್ತದೆ. 6,000ಕ್ಕೆ ಏರಿಸಿದರೆ ಎರಡೂ ಸತತವಾಗಿ ಉರಿಯುತ್ತಿರುವಂತೆ ತೋರುತ್ತವೆ.